ಹೆಬ್ಬೆರಳು ಕೂರುವ ಜಾಗ

ಅವಳಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಅದನ್ನು ಯಾರೂ ಕರೆಯುವುದಿಲ್ಲ, ಕರೆದರೂ ಅವಳು ತಿರುಗುವುದಿಲ್ಲ. ಎಡಚಿ ಎಂದರೆ ಮಾತ್ರ ತಿರುಗುತ್ತಾಳೆ. ಚಿಕ್ಕವಳಿದ್ದಾಗ ಬೀದಿಯ ಮಕ್ಕಳು ರೇಗಿಸಲೆಂದು ಹಾಗೆ ಕೂಗುತ್ತಿದ್ದರಂತೆ. ಅತ್ತರೆ ಇನ್ನೂ ಜಾಸ್ತಿ ಕೂಗುತ್ತಾರೆಂದು ತಿಳಿದ ದಿನವೇ ಅಳುವುದನ್ನು ಬಿಟ್ಟು, ಹೌದು ನಾನು ಎಡಚಿ, ಏನೀಗ ಎಂದು ಎದುರಿಗೆ ಹೋಗಿ ನಿಂತಳಂತೆ. ಗುಡ್ಡದ ಅಗೆತದ ಕೆಲಸಕ್ಕೆ ಸೇರಿದಾಗ ಮೇಸ್ತ್ರಿ ಹೆಸರು ಕೇಳಿದರೆ ಅದನ್ನೇ ಹೇಳಿದಳು. ಅವನು ನಕ್ಕ. ಇವಳು ನಗದೆ ಅವನ ಮುಖವನ್ನೇ ನೋಡುತ್ತ ನಿಂತಳು, ಅವನ ನಗು ತಾನಾಗಿಯೇ ಇಳಿಯಿತು. ನಾನು ಅವಳಿಗಿಂತ ಚಿಕ್ಕವಳಾದ್ದರಿಂದ ಎಡಚಕ್ಕ ಎನ್ನುತ್ತೇನೆ. ಅವಳು ನನ್ನನ್ನು ಪೆನ್ಸಿಲಮ್ಮ ಎನ್ನುತ್ತಾಳೆ.

ನನ್ನ ಕೆಲಸ ಚಿತ್ರ ಬರೆಯುವುದು. ಗುಡ್ಡ ಅಗೆದಾಗ ಸಿಕ್ಕಿದ ಹಳೆಯ ಕಾಲದ ಮಡಕೆ ಚೂರು, ಕಲ್ಲಿನ ಅಲಗು, ಎಲುಬಿನ ಸೂಜಿ, ಎಲ್ಲವನ್ನೂ ಅಳತೆಗೆ ಸರಿಯಾಗಿ ಕಾಗದದ ಮೇಲೆ ಇಳಿಸಬೇಕು. ಈಗ ಕ್ಯಾಮೆರಾ ಇರುವಾಗ ನೀವೇಕೆ ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ನನ್ನ ಬಾಯಿ ಕೆಟ್ಟಿದೆ. ಕ್ಯಾಮೆರಾಕ್ಕೆ ಕಂಡದ್ದೆಲ್ಲ ಕಾಣುತ್ತದೆ, ಯಾವುದನ್ನು ನೋಡಬೇಕು ಎನ್ನುವುದು ಮಾತ್ರ ತಿಳಿಯದು. ಇಷ್ಟು ಹೇಳಿ ಸುಮ್ಮನಾಗುತ್ತೇನೆ, ಇದು ನನ್ನ ಕಥೆಯಲ್ಲ.

ಆ ಗುಡ್ಡದ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಒಡ್ಡುಗಳಿವೆ. ಒಂದೊಂದು ಒಡ್ಡಿನ ಬೆನ್ನಿಗೆ ಒಂದಿಷ್ಟು ಮಣ್ಣು ನಿಂತಿದೆ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಯಾರೋ ಜನ ಇಳಿಜಾರಿನಲ್ಲಿ ಕೊಚ್ಚಿಹೋಗುತ್ತಿದ್ದ ಮಣ್ಣನ್ನು ಅಡ್ಡಗಟ್ಟಿ ನಿಲ್ಲಿಸಿ, ಅದರಲ್ಲಿ ಕಾಳು ಬೆಳೆದು, ಅಲ್ಲೇ ದುಂಡನೆಯ ಮನೆ ಕಟ್ಟಿಕೊಂಡು ಬದುಕಿದ್ದರು. ನೋಡಲು ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಕೆಳಗೆ ಅಷ್ಟು ದೊಡ್ಡ ಬಯಲಿರುವಾಗ ಇವರು ಇಷ್ಟು ಕಷ್ಟಪಟ್ಟು ಮೇಲೇಕೆ ಹತ್ತಿದರು? ಅಗೆತದ ನಿರ್ದೇಶಕರು, ನಾವೆಲ್ಲ ದೊಡ್ಡ ಸಾರ್ ಎನ್ನುವವರು, ಮಳೆ, ಮಣ್ಣು, ಕಾಡುಪ್ರಾಣಿ ಎಂದು ಕಾರಣ ಕೊಡುತ್ತಾರೆ. ಎಡಚಕ್ಕನ ಕಾರಣ ಬೇರೆ. ಕೆಳಗಿದ್ದವರು ನಮ್ಮ ಹಾಗೇ ಇರಿ ಅಂದಿರುತ್ತಾರೆ, ಇವರು ನಿಮ್ಮ ಬಯಲು ನೀವೇ ಇಟ್ಟುಕೊಳ್ಳಿ ಎಂದು ಹತ್ತಿರುತ್ತಾರೆ ಎನ್ನುತ್ತಾಳೆ. ಅದಕ್ಕೆ ಆಧಾರವಿಲ್ಲ ಎಂದು ದೊಡ್ಡ ಸಾರ್ ಪ್ರತಿ ಸಲವೂ ಹೇಳುತ್ತಾರೆ. ಆಧಾರವಿಲ್ಲ ಎನ್ನುವುದು ನನಗೂ ಗೊತ್ತು, ಆದರೂ ಕೇಳಲು ಹಿತವಾಗಿರುತ್ತದೆ.

ಎಡಚಕ್ಕನ ಕೆಲಸ ಗುಡ್ಡದ ಬುಡದಲ್ಲಿದ್ದ ತಗಡಿನ ಷೆಡ್ಡಿನಲ್ಲಿ. ಮೇಲಿಂದ ಬುಟ್ಟಿಗಳಲ್ಲಿ ಬಂದದ್ದನ್ನು ಟಬ್ಬಿನ ನೀರಿನಲ್ಲಿ ಹಳೆಯ ಟೂತ್‌ಬ್ರಷ್ಷಿನಿಂದ ತೊಳೆದು ಜರಡಿಗಳ ಮೇಲೆ ಒಣಗಿಸಬೇಕು. ತೊಳೆಯುವ ಮೊದಲು ಯಾವುದು ಎಲುಬು, ಯಾವುದು ಕಲ್ಲು ಎಂದು ಬೇರೆ ಮಾಡಬೇಕು, ಏಕೆಂದರೆ ಹಳೆಯ ಎಲುಬಿಗೆ ನೀರು ಸೋಕಿಸುವ ಹಾಗಿಲ್ಲ. ಮಣ್ಣು ಮೆತ್ತಿದಾಗ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೆ ನಮ್ಮವರ ಉಪಾಯ ನಾಲಿಗೆ. ಒಂದು ಮೂಲೆಯನ್ನು ಉಜ್ಜಿ ನಾಲಿಗೆಗೆ ತಾಗಿಸಿದರೆ ಹಳೆಯ ಎಲುಬು ಗಪ್ಪನೆ ಅಂಟಿಕೊಳ್ಳುತ್ತದೆ, ಕಲ್ಲು ಅಂಟುವುದಿಲ್ಲ. ಹೊಸದಾಗಿ ಬಂದ ವಿದ್ಯಾರ್ಥಿಗಳು ಇದನ್ನು ನೋಡಿ ಮುಖ ಕಿವುಚುತ್ತಾರೆ, ವಾರ ಕಳೆಯುವುದರೊಳಗೆ ತಾವೂ ನೆಕ್ಕುತ್ತಾರೆ. ದೊಡ್ಡ ಸಾರ್ ಕೂಡ ನೆಕ್ಕುತ್ತಾರೆ, ಹೊರಗಿನವರಿದ್ದರೆ ಮಾತ್ರ ಇಲ್ಲ.

ಷೆಡ್ಡಿನಲ್ಲಿ ಒಟ್ಟಿಗೆ ಕೂತು ಕೂತು ಅವಳ ಬದುಕು ನನಗೆ ತುಂಡು ತುಂಡಾಗಿ ಸಿಕ್ಕಿತು. ಜೋಡಿಸುವುದು ನನ್ನ ಕಸುಬೇ ಆದ್ದರಿಂದ ಜೋಡಿಸಿಕೊಂಡೆ.

ಅವಳದು ಕೊಯ್ಲಿಗೆ ಹೋಗುವ ಮನೆ. ಹತ್ತು ವರ್ಷ ಆಗುವಷ್ಟರಲ್ಲಿ ಹೆಣ್ಣುಮಕ್ಕಳ ಕೈಗೂ ಕುಡುಗೋಲು ಬರುತ್ತಿತ್ತು. ಅವಳ ಕೈಗೂ ಬಂತು, ಆದರೆ ಕೊಯ್ಯಲು ಆಗಲಿಲ್ಲ. ಕುಡುಗೋಲಿನ ಹಲ್ಲನ್ನು ಒಂದೇ ಮಗ್ಗುಲಿಗೆ ಕಡಿದಿರುತ್ತಾರೆ, ಬಲಗೈಯವರಿಗೆ ಸರಿಯಾಗಿ. ಅದನ್ನು ಎಡಗೈಯಲ್ಲಿ ಹಿಡಿದರೆ ದಂಟನ್ನು ಕಚ್ಚದೆ ಜಾರುತ್ತದೆ. ಮನೆಯವರೆಲ್ಲ ಇವಳಿಗೆ ಕೈಲಾಗದು ಎಂದು ತೀರ್ಮಾನಿಸಿ ಹೊರೆ ಕಟ್ಟಲು ಹಚ್ಚಿದರು. ಇವಳು ಸೀದಾ ಕಮ್ಮಾರನ ಹತ್ತಿರ ಹೋಗಿ, ಹಲ್ಲು ಆಚೆ ಮಗ್ಗುಲಿಗೆ ಹಾಕಿಕೊಡು ಎಂದಳು. ಒಬ್ಬಳ ಸಲುವಾಗಿ ಉಲ್ಟಾ ಕೆಲಸ ಮಾಡಲ್ಲ ಹೋಗು ಎಂದನಂತೆ ಅವನು. ಇವಳು ಹೋಗಲಿಲ್ಲ. ದಿನಾ ಬಂದು ಕುಲುಮೆಯ ಮುಂದೆ ಕೂತು, ಅವನು ಕೇಳದಿದ್ದರೂ ತಿದಿ ಒತ್ತಿದಳು. ಬೈದರೂ ಒತ್ತಿದಳು, ಎದ್ದು ಹೋಗು ಎಂದರೂ ಒತ್ತಿದಳು. ಕೊನೆಗೆ ಈ ಪೀಡೆ ತೊಲಗಲಿ ಎಂದು ಅವನು ಒಂದು ಕುಡುಗೋಲಿಗೆ ತಿರುಗಿಸಿ ಹಲ್ಲು ಹಾಕಿಕೊಟ್ಟ. ಮುಂದಿನ ವರ್ಷದ ಕೊಯ್ಲಿನಲ್ಲಿ ಅವಳು ಅಣ್ಣಂದಿರನ್ನೆಲ್ಲ ಹಿಂದೆ ಹಾಕಿ ಬದುವಿನ ಮೇಲೆ ಕೂತು, ಅವರು ಬರುವವರೆಗೆ ಕಾಲು ಅಲ್ಲಾಡಿಸುತ್ತಿದ್ದಳಂತೆ. ಆ ಕುಡುಗೋಲು ಹಲ್ಲು ಸವೆದು ಈಗಲೂ ಅವಳ ಮನೆಯ ಬಾಗಿಲ ಪಕ್ಕ ಮೊಳೆಗೆ ತೂಗುತ್ತದೆ.

ಮದುವೆಯಾಗಿ ಹೋದ ಮನೆಯಲ್ಲೂ ಅತ್ತೆ ಕೈ ತಿದ್ದಲು ನೋಡಿದಳು, ಆಗಲಿಲ್ಲ. ಎಡಗೈಯಲ್ಲಿ ಕೊಟ್ಟದ್ದನ್ನು ಮುಟ್ಟಲ್ಲ ಎಂದಳು ಅತ್ತೆ. ಹಾಗಾದರೆ ಎದ್ದು ಬಡಿಸಿಕೊಳ್ಳಿ ಎಂದಳು ಸೊಸೆ. ಇದನ್ನೆಲ್ಲ ಹೇಳುವಾಗ ಎಡಚಕ್ಕನಿಗೆ ಎಲ್ಲಿಲ್ಲದ ಖುಷಿ. ಆದರೆ ಒಂದು ತುಂಡನ್ನು ಅವಳು ಒಂದೇ ಸಲ ಹೇಳಿದಳು, ಅದೂ ಬ್ರಷ್ಷಿನಿಂದ ಕಣ್ಣೆತ್ತದೆ.

ಅವಳಿಗೆ ಒಬ್ಬನೇ ಮಗ. ಅಂಬೆಗಾಲಿಡುವಾಗಲೇ ಎಲ್ಲದಕ್ಕೂ ಅವನ ಎಡಗೈ ಮುಂದೆ ಬರುತ್ತಿತ್ತು. ಇವಳು ಕೊಯ್ಲಿಗೆ ಹೋದಾಗ ಅತ್ತೆ ಆ ಕೈಯನ್ನು ಮಂಚದ ಕಾಲಿಗೆ ಕಟ್ಟಿಹಾಕುತ್ತಿದ್ದಳು. ಇವಳು ಸಂಜೆ ಬಂದು ಬಿಚ್ಚುತ್ತಿದ್ದಳು, ಬೆಳಗ್ಗೆ ಅತ್ತೆ ಮತ್ತೆ ಕಟ್ಟುತ್ತಿದ್ದಳು. ಕಟ್ಟಬೇಡ ಎಂದು ಹೇಳಿಸಲು ಗಂಡನ ಹತ್ತಿರ ಹೋದರೆ ಅವನು, ಮನೆಗೆ ಒಬ್ಬಳು ಸಾಕು, ಅವನಾದರೂ ಎಲ್ಲರ ಹಾಗಿರಲಿ ಬಿಡು ಎಂದ. ಕೊಯ್ಲು ಬಿಟ್ಟು ಮನೆಯಲ್ಲಿ ಕಾಯುತ್ತ ಕೂರುವ ಹಾಗಿರಲಿಲ್ಲ. ಇನ್ನೊಂದು ವರ್ಷ ಕಳೆಯುವಷ್ಟರಲ್ಲಿ ಹುಡುಗ ಬಲಗೈಯಲ್ಲಿ ಉಣ್ಣಲು ಕಲಿತ.

"ಅದೊಂದರಲ್ಲಿ ಸೋತೆ ಪೆನ್ಸಿಲಮ್ಮ," ಎಂದಳು. "ಇನ್ನೊಂದು ಸಲ ಸೋಲಲ್ಲ."

ಇನ್ನೊಂದು ಸಲ ಎಂದರೇನು ಎನ್ನುವುದು ನನಗೆ ತಿಳಿದದ್ದು ಪೇಟೆಯಲ್ಲಿ. ಅವಳ ಮಗ ಟೈಲರ್. ಸೈಕಲ್ ರಿಪೇರಿ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ಅವನ ಕಿರಿದಾದ ಅಂಗಡಿ. ನನ್ನ ಕೋಟಿನ ತೋಳು ಉದ್ದವಾಗಿತ್ತು, ಮೊಟಕು ಮಾಡಿಸಲು ಕೊಂಡುಹೋಗಿದ್ದೆ. ಮೆತ್ತನೆಯ ಮಾತಿನ, ಬಗ್ಗಿದ ಬೆನ್ನಿನ ಮನುಷ್ಯ. ತಾಯಿಯ ಜೋರಿನಲ್ಲಿ ಒಂದು ಚಿಟಿಕೆಯೂ ಅವನಿಗೆ ಬಂದಿರಲಿಲ್ಲ. ಬಲಗೈಯಲ್ಲಿ ದೊಡ್ಡ ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದ. ಕತ್ತರಿಸುವಾಗ ಕೆಳತುಟಿಯನ್ನು ಗಟ್ಟಿಯಾಗಿ ಕಚ್ಚಿಕೊಂಡಿದ್ದ. ಮಾತಿನ ನಡುವೆ ಮೇಜಿನಿಂದ ದಾರದ ಉಂಡೆ ಉರುಳಿತು. ಅದು ನೆಲ ಮುಟ್ಟುವ ಮೊದಲೇ ಅವನ ಎಡಗೈ ಹೋಗಿ ಅದನ್ನು ಹಿಡಿದಿತ್ತು. ಹಿಡಿದದ್ದು ಅವನಿಗೇ ಗೊತ್ತಾಗಲಿಲ್ಲ ಎಂದು ಕಾಣುತ್ತದೆ, ಮಾತು ಮುಂದುವರಿಸಿದ.

ಹೊಲಿಗೆ ಯಂತ್ರದ ಪಕ್ಕ ಅವನ ಮಗಳು, ಒಂದನೇ ತರಗತಿ ಮುಗಿಸಿದ ಹುಡುಗಿ, ಸ್ಲೇಟು ಇಟ್ಟುಕೊಂಡು ಕೂತಿದ್ದಳು. ಅವಳ ಎಡಗೈಗೆ ಒಂದು ಚೀಲ ತೊಡಿಸಿತ್ತು. ಬೆರಳುಗಳಿಗೆ ಬೇರೆ ಬೇರೆ ಜಾಗವಿಲ್ಲ, ಮುಷ್ಟಿ ಪೂರ್ತಿ ಒಳಗೆ ಹೋಗಿ ಮಣಿಕಟ್ಟಿನಲ್ಲಿ ಗುಂಡಿ ಹಾಕುವ ಹಾಗೆ ಹೊಲಿದದ್ದು. ನೀಲಿ ಬಟ್ಟೆ, ಒಳಗೆ ತುರಿಸಬಾರದೆಂದು ಮೆತ್ತನೆಯ ಹತ್ತಿಯ ಅಸ್ತರು, ಮೇಲೆ ಹಳದಿ ದಾರದಲ್ಲಿ ಒಂದು ಹೂವಿನ ಕಸೂತಿ. ಅಷ್ಟು ಅಚ್ಚುಕಟ್ಟಾದ ಹೊಲಿಗೆಯನ್ನು ನಾನು ಕಂಡಿಲ್ಲ. ಮಗಳ ಕೈ ಕಟ್ಟಿಹಾಕುವ ಚೀಲಕ್ಕೆ ಅಪ್ಪ ಕೂತು ಹೂವು ಹಾಕಿದ್ದ. ನನಗೆ ಸಿಟ್ಟೂ ಬಂತು, ಆ ಹೂವಿನಿಂದ ಕಣ್ಣು ತೆಗೆಯಲೂ ಆಗಲಿಲ್ಲ.

ರಜೆ ಮುಗಿದು ಶಾಲೆ ಶುರುವಾಗುವುದರೊಳಗೆ ಅವಳ ಕೈ ತಿರುಗಿಸಿಬಿಡುತ್ತೇನೆ ಎಂದು ಅವನೇ ಹೇಳಿದ. ಆಮೇಲೆ ಚೀಲ ಬೇಕಾಗುವುದಿಲ್ಲವಂತೆ, ತಾನೂ ಹಾಗೇ ಕಲಿತದ್ದಂತೆ. ಮಗು ಬಲಗೈಯಲ್ಲಿ ಬಳಪ ಹಿಡಿದು ಒಂದು ಅಕ್ಷರ ಬರೆದು, ಅದು ಸೊಟ್ಟಗಾದದ್ದನ್ನು ಕಂಡು ಚೀಲದ ಕೈಯಿಂದಲೇ ಒರೆಸಿತು. ಹೂವಿನ ಮೇಲೆಲ್ಲ ಬಳಪದ ಪುಡಿ ಮೆತ್ತಿತ್ತು.

ಮಾರನೆಯ ದಿನ ಷೆಡ್ಡಿನಲ್ಲಿ ಕೇಳಿದೆ. ಎಡಚಕ್ಕ ಸುಮ್ಮನೆ ಕೂತಿರಲಿಲ್ಲ, ಕೂರುವ ಪೈಕಿಯೇ ಅಲ್ಲ. ಮೊದಲ ಚೀಲವನ್ನು ಒಲೆಗೆ ಹಾಕಿದ್ದಳು, ಮಗ ಎರಡನೆಯದನ್ನು ಹೊಲಿದ. ಮಗನ ಜೊತೆ ಜಗಳವಾಡಿ ಊಟ ಬಿಟ್ಟಳು, ಸೊಸೆ ನಡುವೆ ಬಂದು ಇಬ್ಬರಿಗೂ ಬೈದು ಉಣ್ಣಿಸಿದಳು. ಆದರೆ ಮಗನ ಒಂದು ಮಾತಿಗೆ ಮಾತ್ರ ಅವಳ ಬಾಯಿ ಕಟ್ಟುತ್ತಿತ್ತು. ಅಮ್ಮ, ಅಂಗಡಿಯಲ್ಲಿ ಸಿಗುವ ಕತ್ತರಿ ಬಲಗೈಯದು, ಬೆಂಚು ಬಲಗೈಯದು, ಎಲ್ಲವೂ ಬಲಗೈಯದೇ, ನಿನಗೆ ಕಮ್ಮಾರ ಸಿಕ್ಕಿದ, ಇವಳಿಗೆ ಒಂದೊಂದಕ್ಕೂ ಯಾವ ಕಮ್ಮಾರನನ್ನು ಹುಡುಕಲಿ ಎಂದು ಅವನು ಕೇಳುತ್ತಿದ್ದ. ಈ ಲೋಕ ಯಾವತ್ತೂ ಹೀಗೇ ಇತ್ತು, ಹೀಗೇ ಇರುತ್ತದೆ ಎನ್ನುತ್ತಿದ್ದ.

"ಯಾವತ್ತೂ ಹೀಗೇ ಇತ್ತಂತೆ," ಎಂದಳು ಎಡಚಕ್ಕ. "ಇವನೇನು ಯಾವತ್ತೂ ಇದ್ದು ನೋಡಿದಾನಾ?"

ಆ ಹೊತ್ತಿನಲ್ಲೇ ಗುಡ್ಡದ ಮೇಲಿಂದ ಆ ಹಿಡಿ ಬಂತು.

ಮೂರನೆಯ ಒಡ್ಡಿನ ಹಿಂದೆ ಒಂದು ದುಂಡು ಮನೆಯ ನೆಲ ತೆರೆದುಕೊಂಡಿತ್ತು. ಒಲೆಯ ಬೂದಿ, ಕಾಳು ಅರೆಯುವ ಕಲ್ಲು, ಗೋಡೆಯ ಬುಡದಲ್ಲಿ ಉಗುರಿನಷ್ಟು ಚಿಕ್ಕ ಕಲ್ಲಿನ ಅಲಗುಗಳು ಬಾಗಿದ ಸಾಲಿನಲ್ಲಿ ಬಿದ್ದಿದ್ದವು. ಅವುಗಳ ಕೊನೆಯಲ್ಲಿ ಎಲುಬಿನ ಒಂದು ಹಿಡಿ. ಅಲಗುಗಳನ್ನು ಕೂರಿಸಿದ್ದ ಮರ ಕೊಳೆತು ಮಣ್ಣಾಗಿತ್ತು, ಹಿಡಿ ಮಾತ್ರ ಉಳಿದಿತ್ತು. ಅದೊಂದು ಕುಡುಗೋಲು, ಇಡೀ ಗುಡ್ಡದಲ್ಲಿ ಹಿಡಿಯ ಸಮೇತ ಸಿಕ್ಕಿದ್ದು ಅದೊಂದೇ. ದೊಡ್ಡ ಸಾರ್ ಅದನ್ನು ಮಗುವಿನಂತೆ ಎತ್ತಿಕೊಂಡು ಇಳಿದು ಬಂದರು. ಷೆಡ್ಡಿನಲ್ಲಿ ಒಂದು ತಟ್ಟೆಯಲ್ಲಿ ಹತ್ತಿ ಹಾಸಿ ಅದನ್ನು ಇಟ್ಟು, ಪೆನ್ಸಿಲಮ್ಮನ ಹೊರತು ಯಾರೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದರು.

ಚಿತ್ರ ಬರೆಯಲು ಕೂತೆ. ನನ್ನ ಅಂಗೈ ಅಗಲಕ್ಕಿಂತ ತುಸು ಉದ್ದದ ಹಿಡಿ, ಕಂದು ಬಣ್ಣಕ್ಕೆ ತಿರುಗಿ ನುಣುಪಾಗಿತ್ತು. ತುದಿಯಲ್ಲಿ ಅಲಗಿನ ಮರ ಕೂರುತ್ತಿದ್ದ ಸೀಳಿತ್ತು, ಅಲಗು ಯಾವ ಕಡೆಗಿತ್ತೆಂದು ಅದೇ ಹೇಳುತ್ತಿತ್ತು. ಒಂದು ಮಗ್ಗುಲಲ್ಲಿ ಗುಳಿಯೊಂದಿತ್ತು. ಕೊರೆದದ್ದಲ್ಲ, ಹೆಬ್ಬೆರಳು ಕೂತು ಕೂತು ಸವೆದದ್ದು. ಎಷ್ಟು ಬೆಳೆ ಕೊಯ್ದರೆ ಎಲುಬು ಹಾಗೆ ಸವೆದೀತು. ಮೂರು ಕಡೆಯಿಂದ ಬರೆದು, ನಾಲ್ಕನೆಯ ಕಡೆಗೆ ತಿರುಗಿಸಿದಾಗ ಏನೋ ಸರಿಯಿಲ್ಲ ಅನ್ನಿಸಿತು. ಬಲಗೈಯನ್ನು ಹಿಡಿಯ ಹತ್ತಿರ ತಂದು ನೋಡಿದೆ. ಗುಳಿಗೆ ಹೆಬ್ಬೆರಳು ಕೂರಿಸಿದರೆ ಅಲಗು ದಂಟಿನ ಕಡೆಗಲ್ಲ, ಆಚೆಗೆ ತಿರುಗುತ್ತಿತ್ತು. ಅಲಗನ್ನು ಸರಿ ಮಾಡಿದರೆ ಹೆಬ್ಬೆರಳಿಗೆ ಜಾಗವಿಲ್ಲ. ಎಡಗೈ ತಂದೆ. ಎಲ್ಲ ಸರಿಯಾಯಿತು.

ಓಡಿಹೋಗಿ ದೊಡ್ಡ ಸಾರ್‌ಗೆ ತೋರಿಸಿದೆ. ಅವರು ದಂಟು ಕೊಯ್ದು ಕೊಯ್ದು ಅಲಗುಗಳಿಗೆ ಬಂದ ಹೊಳಪು ಯಾವ ಮಗ್ಗುಲಲ್ಲಿದೆ ಎಂದು ಭೂತಗನ್ನಡಿಯಲ್ಲಿ ನೋಡಿ, ಹೌದು, ಎಡಗೈಯವರದೇ ಎಂದರು. ಕೂಡಲೇ ಎಡಚಕ್ಕನ ಹತ್ತಿರ ಹೋಗಿ ಹೇಳಿದೆ. ಅವಳು ನಂಬಲಿಲ್ಲ. ನಾನು ಗೇಲಿ ಮಾಡುತ್ತಿದ್ದೇನೆಂದು ತಿಳಿದು ಮುಖ ಗಂಟಿಕ್ಕಿಕೊಂಡು ಟಬ್ಬಿನ ಕಡೆಗೆ ತಿರುಗಿದಳು. ದೊಡ್ಡ ಸಾರ್ ತಾವೇ ಕರೆದು ಭೂತಗನ್ನಡಿ ಕೊಟ್ಟ ಮೇಲೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹೊರಗೆ ಹೋಗಿ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟಳು. ಅವಳು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಅಳುತ್ತಲೇ ಬೈಯುತ್ತಿದ್ದಳು, ಯಾರನ್ನೆಂದು ಹೇಳಲಿಲ್ಲ.

"ಆ ಗುಳಿ ನೋಡು," ಎಂದಳು ಕೊನೆಗೆ. "ಒಂದು ದಿನವೂ ಯಾರೂ ಅವಳ ಕೈ ಹಿಡಿದು ಬೇಡ ಅಂದಿಲ್ಲ. ಅಂದಿದ್ರೆ ಅಷ್ಟು ಆಳ ಸವೀತಿತ್ತಾ?"

ಅವಳೋ ಅವನೋ ಯಾರಿಗೆ ಗೊತ್ತು ಎಂದು ನನ್ನ ಬಾಯಿಗೆ ಬಂತು, ನುಂಗಿಕೊಂಡೆ.

ಪ್ರತಿ ವರ್ಷ ಅಗೆತ ಮುಗಿದಾಗ, ಗುಂಡಿಗಳನ್ನು ಮತ್ತೆ ಮಣ್ಣು ತುಂಬಿ ಮುಚ್ಚುವ ಮೊದಲು, ದೊಡ್ಡ ಸಾರ್ ಕೆಲಸದವರ ಮನೆಯವರನ್ನೆಲ್ಲ ಒಂದು ದಿನ ಕರೆಯುತ್ತಾರೆ. ಇಷ್ಟು ದಿನ ಇವರು ಏನು ಮಾಡಿದರು ಎಂದು ಮನೆಯವರು ನೋಡಬೇಕು ಎನ್ನುವುದು ಅವರ ಹಟ, ಒಳ್ಳೆಯ ಹಟ. ಈ ಸಲ ಕುಡುಗೋಲಿನ ಹಿಡಿಯನ್ನು ಎಲ್ಲರೂ ಮುಟ್ಟಿ ನೋಡಲಿ ಎಂದು ಒಂದು ನಕಲು ಮಾಡಲು ನನಗೆ ಹೇಳಿದರು. ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ತೂಕ ಸರಿಹೋಗಲೆಂದು ಒಳಗೆ ಕಬ್ಬಿಣದ ತುಂಡಿಟ್ಟು, ಬಣ್ಣ ಹಚ್ಚಿ, ಮೇಲೆ ವಾರ್ನಿಷ್ ಬಳಿದೆ. ಅಸಲಿನ ಮೇಲೆ ಶಾಯಿಯಲ್ಲಿ ಬರೆದಿದ್ದ ಸಂಖ್ಯೆಯನ್ನೂ ಬಿಡದೆ ನಕಲಿನ ಮೇಲೆ ಇಳಿಸಿದೆ. ಕೈಗೆ ಕಸುಬು ಏರಿದಾಗ ನಿಲ್ಲಿಸುವುದು ಕಷ್ಟ. ಎರಡನ್ನೂ ಪಕ್ಕಪಕ್ಕ ಇಟ್ಟರೆ ದೊಡ್ಡ ಸಾರ್‌ಗೇ ಗುರುತು ಸಿಗಲಿಲ್ಲ. ಅವರು ಹೊಗಳಿದರು. ನಾನು ಬೀಗಿದೆ.

ಆ ದಿನ ಷೆಡ್ಡಿನ ಮುಂದೆ ಉದ್ದದ ಮೇಜು ಹಾಕಿತ್ತು. ಅಸಲಿ ಹಿಡಿ ಹಿಂದಿನ ಕಪಾಟಿನಲ್ಲಿ ಹತ್ತಿಯ ತಟ್ಟೆಯಲ್ಲಿ ಇತ್ತು, ನಕಲು ಮೇಜಿನ ಮೇಲೆ. ಜನ ಬಂದರು, ನಕಲನ್ನು ಎತ್ತಿ ಹಿಡಿದು ನೋಡಿದರು, ಒಬ್ಬೊಬ್ಬರೂ ಬಲಗೈಯಲ್ಲಿ ಹಿಡಿದು ಹೆಬ್ಬೆರಳಿಗೆ ಜಾಗ ಹುಡುಕಿ ನಕ್ಕು ಕೆಳಗಿಟ್ಟರು. ಎಡಚಕ್ಕ ಯಾರನ್ನೂ ಗಮನಿಸದೆ ದಾರಿಯನ್ನೇ ನೋಡುತ್ತಿದ್ದಳು. ಶಾಲೆ ಶುರುವಾಗಲು ಇನ್ನು ನಾಲ್ಕೈದು ದಿನವಷ್ಟೇ ಉಳಿದಿತ್ತು. ಮಗುವಿನ ಬಲಗೈ ಬರಹ ಈಗ ಸ್ವಲ್ಪ ನೆಟ್ಟಗಾಗಿತ್ತಂತೆ. ಅದನ್ನು ಹೇಳುವಾಗ ಅವಳ ದವಡೆ ಬಿಗಿದಿತ್ತು.

ಮಗ, ಸೊಸೆ, ಮೊಮ್ಮಗಳು ಬಂದರು. ಮಗುವಿನ ಕೈಯಲ್ಲಿ ನೀಲಿ ಚೀಲ ಇತ್ತು. ಹೊರಗೆ ಬರುವಾಗಲಾದರೂ ಬಿಚ್ಚಬಾರದಿತ್ತೇ ಎಂದು ಸೊಸೆ ಗೊಣಗುತ್ತಿದ್ದಳು. ನಾಲ್ಕೇ ದಿನ ಉಳಿದಿರುವಾಗ ಏಕೆ ಕೆಡಿಸುವುದು ಎಂದು ಮಗ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ. ಎಡಚಕ್ಕ ಅವರನ್ನು ಮೇಜಿನ ಹತ್ತಿರ ಕರೆದು ಮನೆಯ ನೆಲ, ಒಲೆ, ಹಿಡಿ ಎಲ್ಲವನ್ನೂ ವಿವರಿಸಿದಳು. ನಾಲ್ಕು ಸಾವಿರ ವರ್ಷದ ಹಿಂದೆಯೂ ನಮ್ಮಂಥವರಿದ್ದರು, ಅವರಿಗೆ ಅವರ ಕೈಗೆ ತಕ್ಕ ಕುಡುಗೋಲಿತ್ತು ಎಂದಳು. ಮಗ ನಕಲನ್ನು ಮುಟ್ಟಲಿಲ್ಲ. ಕೈಗಳನ್ನು ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿ, ಚೆನ್ನಾಗಿದೆ ಎಂದ. ಮೊಮ್ಮಗಳು ಎಡಗೈ ಚಾಚಿದಳು, ಚೀಲದ ತುದಿ ಹಿಡಿಗೆ ತಾಗಿ ಜಾರಿತು. ಅಪ್ಪ ಮೆಲ್ಲನೆ ಅವಳ ತೋಳು ಹಿಡಿದು ಹಿಂದಕ್ಕೆ ಎಳೆದ.

"ಅಮ್ಮ, ಅದು ಆಗಿನ ಕಾಲ," ಎಂದ. "ನನಗೂ ಕೈ ತಿರುಗಲಿಲ್ವಾ? ನಾನೀಗ ಬಲಗೈಯವನೇ. ನನಗೇನಾಗಿದೆ ಹೇಳು?"

ಎಡಚಕ್ಕ ತಿರುಗಿ ಷೆಡ್ಡಿನೊಳಕ್ಕೆ ಹೋದಳು. ಸಿಟ್ಟಿಗೆ ಎದ್ದುಹೋದಳು ಎಂದುಕೊಂಡೆ. ನಾನು ನಿಂತಿದ್ದ ಜಾಗದಿಂದ ಬಾಗಿಲೊಳಗೆ ಅವಳ ಬೆನ್ನು ಕಾಣುತ್ತಿತ್ತು. ಕಪಾಟಿನ ಮುಂದೆ ನಿಂತು ಏನನ್ನೋ ಬಾಯಿಯ ಹತ್ತಿರ ತಂದಳು. ಅವಳು ದಿನವಿಡೀ ಏನನ್ನಾದರೂ ನೆಕ್ಕುತ್ತಲೇ ಇರುವವಳು, ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಹೊರಗೆ ಬಂದವಳು ಬಾಗಿಲಲ್ಲೇ ನಿಂತಳು. ಮಗ ಆ ಹೊತ್ತಿಗೆ ಹೆಂಡತಿಯ ಜೊತೆ ಏನೋ ಮಾತಾಡುತ್ತ ಇತ್ತ ತಿರುಗಿದ್ದ.

"ಲೋ," ಎಂದು ಕೂಗಿ ಎಡಚಕ್ಕ ಕೈಯಲ್ಲಿದ್ದ ಹಿಡಿಯನ್ನು ಅವನ ಕಡೆಗೆ ಎಸೆದಳು.

ಮೇಜಿನ ಮೇಲೆ ನಕಲು ಹಾಗೇ ಇದ್ದದ್ದನ್ನು ನಾನು ಕಂಡೆ. ಹಾಗಾದರೆ ಅವಳು ಎಸೆದದ್ದು? ಹಿಡಿ ಗಾಳಿಯಲ್ಲಿ ಒಂದು ಸುತ್ತು ತಿರುಗಿತು. ಅಷ್ಟರಲ್ಲಿ ಮಗನ ಕೈ ಮೇಲೆದ್ದಿತ್ತು. ಬಲಗೈ ಅಲ್ಲ, ಎಡಗೈ. ಹಿಡಿದೇ ಬಿಟ್ಟ. ಹಿಡಿದ ಮೇಲೆ ಬೆರಳುಗಳು ಒಂದಿಷ್ಟು ಅತ್ತಿತ್ತ ಸರಿದು ಸುಮ್ಮನಾದವು, ಹೆಬ್ಬೆರಳು ತಾನಾಗಿ ಗುಳಿಯೊಳಗೆ ಕೂತಿತು. ಅವನು ತನ್ನ ಕೈಯನ್ನೇ ನೋಡುತ್ತ ನಿಂತುಬಿಟ್ಟ. ಬೇರೆಯವರ ಕೈ ನೋಡಿದ ಹಾಗೆ ನೋಡುತ್ತಿದ್ದ.

ದೊಡ್ಡ ಸಾರ್‌ಗೂ ಅನುಮಾನ ಬಂದಿತ್ತು. ಓಡಿಬಂದು ಮೇಜಿನ ಮೇಲಿದ್ದದ್ದನ್ನು ಎತ್ತಿದರು, ಸಂಖ್ಯೆ ಇತ್ತು. ಮಗನ ಕೈಯಿಂದ ಬಿಡಿಸಿಕೊಂಡದ್ದನ್ನು ನೋಡಿದರು, ಅದೇ ಸಂಖ್ಯೆ ಅಲ್ಲೂ ಇತ್ತು. ನನ್ನ ಕಡೆ ಕೆಕ್ಕರಿಸಿ ನೋಡಿದರು. ನನ್ನ ಕಸುಬಿನ ಬಗ್ಗೆ ನನಗಿದ್ದ ಹೆಮ್ಮೆಯೆಲ್ಲ ಕಾಲಿನ ಬುಡಕ್ಕೆ ಇಳಿಯಿತು. ಸುತ್ತ ಅಷ್ಟು ಜನ, ಹೊರಗಿನವರು. ದೊಡ್ಡ ಸಾರ್ ಒಂದು ಗಳಿಗೆ ಹಿಂದೆಮುಂದೆ ನೋಡಿ, ಬೇರೆ ದಾರಿ ಕಾಣದೆ, ಮೇಜಿನ ಮೇಲಿನದನ್ನು ನಾಲಿಗೆಗೆ ತಾಗಿಸಿದರು. ಅಂಟಲಿಲ್ಲ. ಇನ್ನೊಂದನ್ನು ತಾಗಿಸಿದರು. ಅಂಟಿತು. ಬಿಡಿಸಿಕೊಳ್ಳುವಾಗ ಅವರ ಮುಖ ಬೆಳ್ಳಗಾಗಿತ್ತು. ಮಕ್ಕಳು ನಕ್ಕವು, ದೊಡ್ಡವರು ಯಾರೂ ನಗಲಿಲ್ಲ.

ಆಮೇಲೆ ಅವರು ಬೈದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಬೈಯಲು ಅವರಿಗೆ ಹಕ್ಕಿತ್ತು. ನಾಲ್ಕು ಸಾವಿರ ವರ್ಷ ಮಣ್ಣಿನಲ್ಲಿ ಉಳಿದದ್ದು ಒಂದು ಕ್ಷಣದಲ್ಲಿ ಪುಡಿಯಾಗುತ್ತಿತ್ತು ಎಂದರು. ನಾಳೆಯಿಂದ ಷೆಡ್ಡಿನೊಳಗೆ ಕಾಲಿಡಕೂಡದು ಎಂದರು. ಎಡಚಕ್ಕ ತಲೆ ತಗ್ಗಿಸಲಿಲ್ಲ. ಇಡಲ್ಲ ಸಾರ್, ಮಣ್ಣು ಹೊರುವುದು ನನಗೇನು ಹೊಸದಲ್ಲ ಎಂದಳು. ತಪ್ಪಾಯಿತು ಎನ್ನಲಿ ಎಂದು ಅವರು ಕಾದರು. ಅವಳು ಅನ್ನಲಿಲ್ಲ.

"ಎಸೆಯಲೇಬೇಕಿತ್ತು ಅಂದ್ರೆ ನಕಲು ಇರಲಿಲ್ವಾ?" ಎಂದರು ದೊಡ್ಡ ಸಾರ್, ಸಿಟ್ಟು ಸ್ವಲ್ಪ ದಣಿದ ಮೇಲೆ.

"ಸುಳ್ಳು ಹಿಡಿ ಎಸೆದು ನಿಜ ಕೇಳೋಕಾಗುತ್ತಾ ಸಾರ್?"

"ಬಿದ್ದು ಒಡೆದಿದ್ರೆ?"

"ಬೀಳ್ತಿರಲಿಲ್ಲ. ಅವನು ಯಾವ ಕೈಯಲ್ಲಿ ಹಿಡೀತಾನೆ ಅಂತ ಹೆತ್ತವಳಿಗೆ ಗೊತ್ತಿರಲ್ವಾ?"

ಇಷ್ಟು ಹೇಳುವಾಗ ಅವಳು ದೊಡ್ಡ ಸಾರ್ ಕಡೆ ನೋಡುತ್ತಿರಲಿಲ್ಲ, ಮಗನ ಕಡೆ ನೋಡುತ್ತಿದ್ದಳು. ಅವನು ಇನ್ನೂ ಖಾಲಿ ಎಡಗೈಯನ್ನು ಅರ್ಧ ಎತ್ತಿಕೊಂಡೇ ನಿಂತಿದ್ದ. ಅವನ ಕಣ್ಣು ತುಂಬಿತ್ತು. ಸೊಸೆ ಅವನ ತೋಳು ಮುಟ್ಟಿದಳು, ಅವನು ಬೆಚ್ಚಿ ಎಲ್ಲರನ್ನೂ ನೋಡಿದ. ನನಗೇನಾಗಿದೆ ಹೇಳು ಎಂದು ಕೇಳಿದ್ದನಲ್ಲ, ಅವನ ಅಮ್ಮ ಹೇಳಿದ್ದಳು. ಅದನ್ನು ಅವನು ಅಷ್ಟು ಜನರ ಮುಂದೆ ಕೇಳಿಸಿಕೊಳ್ಳಬೇಕಾಗಿ ಬಂದದ್ದಕ್ಕೆ ನನಗೆ ಅಯ್ಯೋ ಅನ್ನಿಸಿತು. ಆದರೆ ಎಡಚಕ್ಕ ಮಾಡಿದ್ದು ತಪ್ಪು ಎಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ.

ದೊಡ್ಡ ಸಾರ್ ಹಿಡಿಯನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಸುತ್ತಲು ಹತ್ತಿ ತನ್ನಿ ಎಂದು ಕೂಗುತ್ತಿದ್ದರು. ನಾನು ಷೆಡ್ಡಿಗೆ ಹೊರಟೆ. ಟೈಲರ್ ತಡೆದ. ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅವಳ ಮಣಿಕಟ್ಟಿನ ಗುಂಡಿ ಬಿಚ್ಚಿದ. ಚೀಲ ಎಳೆದಾಗ ಒಳಗಿಂದ ಬೆವರಿದ, ಬಿಳುಚಿದ ಕೈ ಹೊರಗೆ ಬಂತು. ಮಗು ಬೆರಳುಗಳನ್ನು ಅಗಲಿಸಿ ಮಡಚಿ ಮಾಡಿತು. ಅವನು ಚೀಲವನ್ನು ಕೊಡವಿ ಬಳಪದ ಪುಡಿ ಉದುರಿಸಿ, ದೊಡ್ಡ ಸಾರ್ ಹತ್ತಿರ ಹೋಗಿ ಹಿಡಿಯನ್ನು ಕೇಳಿ ತೆಗೆದುಕೊಂಡ. ಅವರು ಏಕೆ ಕೊಟ್ಟರೋ, ಅವನ ಮುಖ ನೋಡಿ ಕೊಟ್ಟಿರಬೇಕು. ಅದನ್ನು ಚೀಲದೊಳಗೆ ಓರೆಯಾಗಿ ಇಳಿಸಿ ಗುಂಡಿ ಹಾಕಿದ. ಅಳತೆ ತೆಗೆದು ಹೊಲಿದ ಹಾಗೆ ಕೂತಿತು.

"ಒಳಗೆ ಮೆತ್ತಗಿದೆ ಸಾರ್," ಎಂದ. "ಪೆಟ್ಟಾಗಲ್ಲ."

"ಅಪ್ಪ, ಮತ್ತೆ ನನ್ನ ಕೈಗೆ?" ಎಂದಳು ಮಗಳು.

"ನಿನ್ನ ಕೈಗೆ ಇನ್ನು ಬೇಡ," ಎಂದ ಅವನು. ಹೇಳುತ್ತ ಚೀಲವನ್ನು ದೊಡ್ಡ ಸಾರ್ ಕಡೆ ಚಾಚಿದ, ಎಡಗೈಯಲ್ಲಿ.

ಎಡಚಕ್ಕ ಈಗ ಗುಡ್ಡದ ಮೇಲೆ ಜರಡಿ ಹಿಡಿಯುತ್ತಾಳೆ. ಷೆಡ್ಡಿಗೆ ಬರುವುದಿಲ್ಲ, ಕರೆದರೂ ಬರುವುದಿಲ್ಲ, ದೊಡ್ಡ ಸಾರ್ ಎರಡು ಸಲ ಹೇಳಿಕಳಿಸಿದ್ದಾರೆ. ಹಿಡಿ ದೊಡ್ಡ ಊರಿನ ಉಗ್ರಾಣದಲ್ಲಿದೆ. ಕಳೆದ ತಿಂಗಳು ಬೇರೊಂದು ಚಿತ್ರಕ್ಕೆಂದು ಅಲ್ಲಿ ಹೋಗಿ ಪೆಟ್ಟಿಗೆ ತೆಗೆಸಿದೆ. ಬೇರೆಲ್ಲ ವಸ್ತುಗಳು ಬಿಳಿ ಹತ್ತಿಯಲ್ಲಿ ಸುತ್ತಿಕೊಂಡಿದ್ದವು. ಅದೊಂದು ಮಾತ್ರ ಹಳದಿ ಹೂವಿನ ನೀಲಿ ಚೀಲದಲ್ಲಿತ್ತು, ಹೂವಿನ ಎಸಳುಗಳ ನಡುವೆ ಇನ್ನೂ ಒಂದಿಷ್ಟು ಬಳಪದ ಪುಡಿ ಉಳಿದಿತ್ತು.